ಟ್ರೇಲರಿನ ಮೂತಿ, ಎತ್ತಿನ ಹೆಗಲು

ಗದ್ವಾಲದ ಆ ಕೆಲಸ ಬಿಟ್ಟು ಊರಿಗೆ ಬಂದಿದ್ದೇನೆ. ನನ್ನಂಥ ಚಿಕ್ಕ ವಯಸ್ಸಿನವರು ಕೆಲಸ ಬಿಟ್ಟರೆ ಯಾರೂ ಅದನ್ನು ನಿವೃತ್ತಿ ಎನ್ನುವುದಿಲ್ಲ. ಆದರೆ ನಾನು ಆ ಕೆಲಸಕ್ಕೆ ಮತ್ತೆ ಹೋಗುವುದಿಲ್ಲ. ನನ್ನ ಮಟ್ಟಿಗೆ ಅದು ನಿವೃತ್ತಿಯೇ. ಯಾಕೆ ಬಿಟ್ಟೆ ಎಂಬುದು ನನ್ನ ಸ್ವಂತ ವಿಷಯ, ಅದು ಇಲ್ಲಿ ಬರುವುದಿಲ್ಲ. ನನ್ನ ಜಾಗಕ್ಕೆ ಮಕ್ತಲ್ ಕಡೆಯ ಇಬ್ಬರು ಹುಡುಗಿಯರು ಸೇರಿದ್ದಾರೆ. "ಅಕ್ಕಾ, ಖರೇ ಕೆಲಸ ಹೆಂಗಿರತೈತಿ ಅಂತ ಬರದು ಕೊಡ್ರಿ, ಸಾವ್ಕಾರ್ರು ಹೇಳೂದು ತಿಳಿಯಂಗಿಲ್ಲ" ಎಂದು ಕೇಳಿದರು. ಅವರಿಗಾಗಿ ಇದನ್ನು ಬರೆದಿದ್ದೇನೆ.

ಕೆಲಸವೆಂದರೆ ಇಷ್ಟು. ಜೀಪಿನ ಹಿಂದೆ ಕೊಂಡಿ ಹಾಕಿ ಎಳೆಯುವ, ಒಂದೇ ಜೋಡಿ ಚಕ್ರದ ಒಂದು ಸಣ್ಣ ಮನೆ. ಒಳಗೆ ಎರಡು ಮಂಚ, ಗ್ಯಾಸ್ ಒಲೆ, ಫ್ರಿಜ್, ನೀರಿನ ಟ್ಯಾಂಕ್, ಕೈ ಚಾಚಿದರೆ ನಾಲ್ಕೂ ಗೋಡೆ ಮುಟ್ಟುವಂಥ ಬಚ್ಚಲು. ನದಿ ದಂಡೆಯಲ್ಲಿ ಒಂದೆರಡು ದಿನ ಬಿಡಾರ ಹೂಡಬೇಕೆನ್ನುವ ಕುಟುಂಬಗಳಿಗೆ ಯಜಮಾನರು ಅದನ್ನು ಡ್ರೈವರ್ ಸಹಿತ ಬಾಡಿಗೆಗೆ ಕೊಡುತ್ತಾರೆ. ಜುರಾಲದ ಹಿನ್ನೀರು, ಅಲಂಪುರ, ರಾಜೋಳಿ, ಹೀಗೆ. ಹೊರಡುವ ಮುಂಚೆ ಅದನ್ನು ಸಜ್ಜು ಮಾಡಿ, ಸಾಮಾನು ತುಂಬುವುದು ನನ್ನ ಕೆಲಸವಾಗಿತ್ತು.

ನಾವು ಮೂವರಿದ್ದೆವು. ಜೀಪು ಓಡಿಸುವವರು ಖಾಜಾ ಭಾಯಿ. ಹಿಂದೆ ಐಜದಿಂದ ಕರ್ನೂಲಿಗೆ ಹತ್ತಿಯ ಲಾರಿ ಓಡಿಸಿದವರು. ಅಂಗಳ ನೋಡಿಕೊಳ್ಳುವವರು ಮಾಳಪ್ಪ ಕಾಕಾ. ಕುರಿ ಮತ್ತು ಹೊಲ ಎರಡನ್ನೂ ಕಂಡ ಮನೆತನ, ಹಣೆಯ ಮೇಲೆ ಯಾವಾಗಲೂ ಮೈಲಾರನ ಭಂಡಾರ. ಬೆಳಿಗ್ಗೆ ಟ್ರೇಲರ್ ತೊಳೆದು ಜೀಪಿಗೆ ಕೊಂಡಿ ಹಾಕುವುದು ಅವರ ಪಾಲಿನದು. ಮೂರನೆಯವಳು ನಾನು: ನಾರಾಯಣಪೇಟೆಯ ನೇಕಾರರ ಮನೆಯವಳು, ಹೈದರಾಬಾದಿನಲ್ಲಿ ಎಂ.ಎಸ್ಸಿ. ಗಣಿತ ಓದಿದವಳು.

ಈ ಕೆಲಸದಲ್ಲಿ ಯಾರ ಮಾತನ್ನೂ ನಂಬಬೇಡಿ, ಮೊದಲು ಅದನ್ನು ಕಲಿಯಿರಿ. ಗ್ಯಾಸ್ ಬಂದ್ ಮಾಡಿದ್ದೇನೆ ಎಂದರೆ ಸಿಲಿಂಡರಿನ ಮೇಲೆ ಕೈಯಿಟ್ಟು ತಿರುಗಿಸಿ ನೋಡಿ. ಕಪಾಟಿನ ಚಿಲಕ ಹಾಕಿದೆ ಎಂದರೆ ಎಳೆದು ನೋಡಿ. ನೀರಿನ ಟ್ಯಾಂಕ್ ತುಂಬ ತುಂಬಿರಬೇಕು, ಇಲ್ಲವೇ ಖಾಲಿಯಿರಬೇಕು. ಅರ್ಧ ತುಂಬಿದ ಟ್ಯಾಂಕಿನಲ್ಲಿ ನೀರು ಆಚೀಚೆ ಹೊಯ್ದಾಡಿ ಗಾಡಿಯನ್ನೂ ತನ್ನ ಜೊತೆ ಕರೆದೊಯ್ಯುತ್ತದೆ. ಏನೂ ಆಗುವುದಿಲ್ಲ ಎನ್ನುವುದಕ್ಕೆ ನಮ್ಮ ಕಡೆ ಕನ್ನಡದವರೂ ತೆಲುಗಿನಲ್ಲಿ "ಏಂ ಕಾದು" ಅನ್ನುತ್ತಾರೆ. ಆ ಎರಡು ಶಬ್ದ ಕಿವಿಗೆ ಬಿದ್ದ ಕೂಡಲೇ ಎಲ್ಲವನ್ನೂ ಬಿಚ್ಚಿ ನೋಡಿ.

ಗಿರಾಕಿಗಳು ಭಾರದ ವಿಷಯದಲ್ಲಿ ಸುಳ್ಳು ಹೇಳುತ್ತಾರೆ. ಸುಳ್ಳೆಂದು ಅವರಿಗೇ ಗೊತ್ತಿರುವುದಿಲ್ಲ, ಅದು ಇನ್ನೂ ಅಪಾಯ. ಮಕ್ತಲಿನ ಒಂದು ಕುಟುಂಬ ಎರಡು ಚೀಲ, ಒಂದು ಹಾಸಿಗೆ ಅಷ್ಟೇ ಎಂದಿತ್ತು. ಮಂಚದ ಕೆಳಗೆ ಸೀರೆಯಲ್ಲಿ ಸುತ್ತಿದ್ದ ಏನೋ ಕಂಡಿತು. ಅಲುಗಾಡಿಸಿದೆ, ಅಲುಗಲಿಲ್ಲ. ಬಿಚ್ಚಿದರೆ ರುಬ್ಬುವ ಕಲ್ಲು.

"ಮಿಕ್ಸಿ ಚಟ್ನಿ ನನಗ ಒಗ್ಗಂಗಿಲ್ಲವ್ವಾ" ಎಂದರು ಆ ಮನೆಯ ಅಜ್ಜಿ.

"ಅಜ್ಜೀ, ಇದು ಎಷ್ಟು ಭಾರ ಐತಿ ಗೊತ್ತೇನ್ರಿ?"

"ಗೊತ್ತಿಲ್ಲದೇನ? ಮದಿವ್ಯಾಗಿ ಬಂದಾಗಿಂದ ನಾನ ತಿರುವೀನಿ. ನೀ ತಿರುವಿ ನೋಡೀಯೇನು?"

ಅಷ್ಟರಲ್ಲಿ ಬಚ್ಚಲಿನೊಳಗಿಂದ ಬ್ಯಾ ಎಂದು ಕೂಗು ಬಂತು. ಬಾಗಿಲು ತೆಗೆದೆ. ಕಂದು ಬಣ್ಣದ ಒಂದು ಹೋತ ನಿಂತು ನನ್ನನ್ನೇ ನೋಡುತ್ತಿತ್ತು. ಹರಕೆಯದಂತೆ. ನಾನು ಮಾತಾಡುವ ಮೊದಲೇ ಅಜ್ಜಿಯ ಮಗ ಅಡ್ಡ ಬಂದರು. "ಅದನ್ನ ಭಾರದಾಗ ಹಿಡೀಬ್ಯಾಡ್ರಿ ಮೇಡಂ. ಅದು ತನ್ನ ಕಾಲಮ್ಯಾಲ ತಾನ ನಿಂತಕೊಂತೈತಿ."

ಈ ವಾದಕ್ಕೆ ನನ್ನ ಗಣಿತದಲ್ಲಿ ಉತ್ತರ ಇತ್ತು, ಆದರೆ ಅವರಿಗೆ ಒಪ್ಪಿಗೆಯಾಗುವಂಥ ಉತ್ತರ ಇರಲಿಲ್ಲ. ಕಲ್ಲು ಮನೆಗೆ ಹೋಯಿತು, ಹೋತ ಆಟೋದಲ್ಲಿ ಹೋಯಿತು. ಅಜ್ಜಿ ದಾರಿಯುದ್ದಕ್ಕೂ ನನ್ನನ್ನು ಬೈದರಂತೆ.

ಯಜಮಾನರ ಮಾತನ್ನೂ ಹಾಗೆಯೇ ತೂಗಿ ನೋಡಬೇಕು. ನಮ್ಮ ಯಜಮಾನರು ವೀರಭದ್ರಪ್ಪನವರು ಹಿಂದೆ ಶೇಂಗಾ ಎಣ್ಣೆಯ ಗಾಣ ನಡೆಸಿದವರು. ಒಮ್ಮೆ ಟ್ರೇಲರಿನ ಹಿಂದಿನ ಗೋಡೆಗೆ ತೇಗದ ಉಯ್ಯಾಲೆಮಣೆ, ಹಿತ್ತಾಳೆ ಸರಪಳಿ ತಂದಿಟ್ಟು, "ಹಿಂದ ತೂಗ ಹಾಕಮ್ಮಾ, ಫೋಟೋ ಚಂದ ಬರ್ತಾವ" ಎಂದರು. ಅಷ್ಟು ಭಾರ ತುದಿಗೆ ಬೇಡ ಎಂದೆ. "ನಾ ಬಂಡಿ ಕಂಡಿಲ್ಲೇನು? ಎತ್ತಿನ ಬಂಡಿ ಮ್ಯಾಲ ಬೆಳದಾಂವ ನಾನು" ಎಂದರು. ಉಯ್ಯಾಲೆ ಇವತ್ತಿಗೂ ಗೋದಾಮಿನಲ್ಲಿದೆ. ನೀವೂ ಅದನ್ನು ಅಲ್ಲೇ ಬಿಡಿ.

ಈಗ ಮೂತಿಯ ವಿಷಯ. ಟ್ರೇಲರಿನ ಮುಂದಿನ ತುದಿ, ಜೀಪಿನ ಕೊಂಡಿಯ ಮೇಲೆ ಕೂರುವ ಭಾಗವನ್ನು ನಾವು ಅಂಗಳದಲ್ಲಿ ಮೂತಿ ಎನ್ನುತ್ತಿದ್ದೆವು. ಗಾಡಿ ತಂದುಕೊಟ್ಟ ಮೆಕ್ಯಾನಿಕ್ ಹೇಳಿಕೊಟ್ಟದ್ದು ಇದು: ಭಾರದ ಸಾಮಾನು ಕೆಳಗಿರಬೇಕು, ಚಕ್ರದ ಹತ್ತಿರ ಇರಬೇಕು, ಚಕ್ರಕ್ಕಿಂತ ತುಸು ಮುಂದೆ ಇರಬೇಕು. ಮೂತಿ ಕೊಂಡಿಯನ್ನು ಗಟ್ಟಿಯಾಗಿ ಒತ್ತುತ್ತಿರಬೇಕು. ಮೂತಿ ಹಗುರಾದರೆ ವೇಗದಲ್ಲಿ ಗಾಡಿಯ ಬಾಲ ಆಡಲು ಶುರುವಾಗುತ್ತದೆ. ಆ ಆಟ ಹೆಚ್ಚಾದರೆ ಜೀಪನ್ನೂ ಎಳೆದುಕೊಂಡು ಮಗುಚುತ್ತದೆ. ಮೊದಮೊದಲು ನಾನು ಕೈಯಿಂದ ಎತ್ತಿ ಅಂದಾಜು ಮಾಡುತ್ತಿದ್ದೆ. ಅಂದಾಜಿನ ಮೇಲೂ ನಂಬಿಕೆ ಹೋದ ಮೇಲೆ ಪಕ್ಕದ ಹತ್ತಿ ವ್ಯಾಪಾರಿಯ ತೂಕದ ಕಾಟಾ ಕೇಳಿ ತಂದು ಮೂತಿಯನ್ನು ಅದರ ಮೇಲೆ ಇಳಿಸಿ ತೂಗತೊಡಗಿದೆ. ಬೆಳಿಗ್ಗೆ ಕಾಟಾ ಅವರ ಅಂಗಡಿಗೆ ಬೇಕು. ಆದ್ದರಿಂದ ಹೊರಡುವ ಹಿಂದಿನ ಸಂಜೆಯೇ ತುಂಬಿ, ಕಟ್ಟಿ, ತೂಗಿ ಮುಗಿಸುತ್ತಿದ್ದೆ. ಈ ಕ್ರಮದಲ್ಲಿ ಒಂದು ತೂತು ಇದೆಯೆಂದು ನನಗೆ ಹೊಳೆದಿರಲಿಲ್ಲ.

ಅಲಂಪುರಕ್ಕೆ ಹೊರಟ ಒಂದು ಕುಟುಂಬದಲ್ಲಿ ಮೇಷ್ಟ್ರು, ಅವರ ಹೆಂಡತಿ, ಬಾಣಂತಿ ಮಗಳು, ಎಳೆಗೂಸು ಇದ್ದರು. ಹೆದ್ದಾರಿಯಲ್ಲಿ ಲಾರಿಯೊಂದು ಪಕ್ಕದಿಂದ ಹಾದುಹೋದಾಗ ಟ್ರೇಲರ್ ನಾಯಿಬಾಲದಂತೆ ಆಡಿತು. ಖಾಜಾ ಭಾಯಿ ಹೇಗೋ ಹಿಡಿತಕ್ಕೆ ತಂದರು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಆ ಕುಟುಂಬ ಅಲಂಪುರದಲ್ಲಿ ಇಳಿದು ಬಸ್ಸು ಹಿಡಿದು ಮನೆಗೆ ಹೋಯಿತು.

"ಲಾರಿ ಓಡಿಸಿದ ಕೈ ನಿಂದು, ಸುಮ್ಮನ ಹೋಗಾಕ ಬರಂಗಿಲ್ಲ" ಎಂದು ವೀರಭದ್ರಪ್ಪನವರು ನಮ್ಮೆಲ್ಲರ ಎದುರಿಗೇ ಖಾಜಾ ಭಾಯಿಗೆ ಹೇಳಿದರು. "ಇನ್ನೊಂದು ಸಲ ಹಿಂಗಾತಂದ್ರ ಕೀಲಿ ಇಟ್ಟು ಮನಿಗೆ ಹೋಗು."

"ನಾ ಜೋರು ಓಡಿಸಿಲ್ರಿ ಸಾವ್ಕಾರ್ರ. ಬೇಕಂದ್ರ ಆ ಮೇಷ್ಟ್ರಿಗೆ ಕೇಳ್ರಿ."

"ಅಂವ ಕಣ್ಣು ಮುಚ್ಚಿ ದೇವರ ಹೆಸರು ತಗೊಳ್ಳಾಕತ್ತಿದ್ನಂತ, ಅವನಿಗೇನು ಕೇಳ್ಲಿ?"

ಮನೆಯಲ್ಲಿ ಗಳಿಸುವವರು ಖಾಜಾ ಭಾಯಿ ಒಬ್ಬರೇ. ಗದ್ವಾಲದಂಥ ಊರಿನಲ್ಲಿ ಒಬ್ಬ ಡ್ರೈವರನ್ನು ಓಡಿಸುವುದು ಸರಿಯಿಲ್ಲವೆಂದು ಕೆಲಸದಿಂದ ತೆಗೆದರು ಎಂದರೆ ಇನ್ನೊಬ್ಬರು ಕೀಲಿ ಕೊಡುವುದಿಲ್ಲ. ಇದು ನನಗೆ ಗೊತ್ತಿತ್ತು. ಹಿಂದಿನ ಸಂಜೆ ಮೂತಿಯ ಭಾರ ಸರಿಯಿತ್ತು ಎಂಬುದೂ ಗೊತ್ತಿತ್ತು. ಹಾಗಾದರೆ ಖಾಜಾ ಭಾಯಿ ಜೋರಾಗಿ ಓಡಿಸಿರಬೇಕು, ಇಲ್ಲವೇ ನಾನು ತುಂಬಿದ ಮೇಲೆ ಯಾರೋ ಕೈ ಹಾಕಿರಬೇಕು. ಎರಡಕ್ಕೂ ನನಗೆ ಕಂಡದ್ದು ಒಂದೇ ಹೆಸರು.

ಮುಂದಿನ ಪ್ರಯಾಣ ರಾಜೋಳಿಗೆ. ಮಂಚದ ಹಾಸಿಗೆ ಹೊಸದು, ನೋಡಿಕೊಳ್ಳಬೇಕು ಎಂದು ನೆಪ ಹೇಳಿ ನಾನೂ ಹೊರಟೆ. ಜೀಪಿನ ಹಿಂದಿನ ಸೀಟಿನಲ್ಲಿ ಗಿರಾಕಿ ದಂಪತಿಯ ಜೊತೆ ಕೂತು, ಡ್ರೈವರ್ ಭುಜದ ಮೇಲಿಂದ ವೇಗದ ಮುಳ್ಳನ್ನೇ ನೋಡುತ್ತಿದ್ದೆ. ಖಾಜಾ ಭಾಯಿ ನಿಧಾನವಾಗಿಯೇ ಓಡಿಸಿದರು. ನಾನು ನೋಡುತ್ತಿದ್ದೇನೆಂದು ನಿಧಾನವೋ ಏನೋ ಎಂದುಕೊಂಡೆ. ಆದರೂ ಒಂದು ಇಳಿಜಾರಿನಲ್ಲಿ ಬೆನ್ನ ಹಿಂದೆ ಏನೋ ತೂಗಿದಂತಾಯಿತು. ಇನ್ನೊಮ್ಮೆ, ಇನ್ನೂ ದೊಡ್ಡದಾಗಿ. ಗಿರಾಕಿಯ ಹೆಂಡತಿ ನನ್ನ ಕೈ ಹಿಡಿದುಕೊಂಡರು. ಖಾಜಾ ಭಾಯಿ ಬ್ರೇಕ್ ಒತ್ತಲಿಲ್ಲ. ಕಾಲು ಸಡಿಲಿಸಿ, ಸ್ಟೇರಿಂಗ್ ನೇರ ಹಿಡಿದು, ಗಾಡಿ ತಾನೇ ಸುಮ್ಮನಾಗುವವರೆಗೆ ಬಿಟ್ಟರು. ಮುಂದೆ ಚಹಾದಂಗಡಿ ಸಿಕ್ಕಿದಲ್ಲಿ ನಿಲ್ಲಿಸಿದರು.

ನಾನು ಟ್ರೇಲರ್ ತೆರೆದೆ. ಮುಂದಿನ ಮಂಚದ ಕೆಳಗಿನ ಪೆಟ್ಟಿಗೆ ಖಾಲಿ. ಅಲ್ಲಿ ನಾನು ಇಟ್ಟಿದ್ದ ನೀರಿನ ಕ್ಯಾನುಗಳು, ಬ್ಯಾಟರಿ, ಅಕ್ಕಿಯ ಚೀಲ ಎಲ್ಲವೂ ಹಿಂದಿನ ತುದಿಯಲ್ಲಿ ಒಪ್ಪವಾಗಿ ಕಟ್ಟಿಕೊಂಡು ಕೂತಿದ್ದವು.

ಮುಂದೆ ಒಂದು ಜಾಗವನ್ನು ಖಾಲಿ ಮಾಡುವವನು ಅಲ್ಲಿ ಬೇರೆ ಏನನ್ನೋ ಇಡಲಿಕ್ಕೆ ಮಾಡುತ್ತಾನೆ. ನನ್ನ ಲೆಕ್ಕ ಇಷ್ಟೇ ಇತ್ತು. ರಾಜೋಳಿಯ ಆಚೆ ನದಿ, ನದಿಯ ಆಚೆ ಬೇರೆ ರಾಜ್ಯ; ಕದ್ದು ಸಾಗಿಸುವ ಮಾಲೇನೋ ಇರಬೇಕು. ಎಲ್ಲರೂ ಚಹಾ ಕುಡಿಯುತ್ತಿದ್ದಾಗ ನಾನು ಡ್ರೈವರ್ ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ಜಾಕು, ಮಡಿಚಿದ ತಾಡಪತ್ರಿ, ಒಂದು ಹಳೆಯ ಟವೆಲ್. ಬೇರೇನೂ ಇರಲಿಲ್ಲ. ಬರುವಾಗ ತರುತ್ತಾರೇನೋ ಎಂದುಕೊಂಡು ಸುಮ್ಮನಾದೆ. ಸಾಮಾನನ್ನು ಮತ್ತೆ ಮುಂದಕ್ಕೆ ತಂದು ಕಟ್ಟಿದೆ. ಅಲ್ಲಿಂದ ರಾಜೋಳಿಯವರೆಗೆ ಗಾಡಿ ಅಲುಗಲಿಲ್ಲ.

"ಈಗ ನೋಡ್ರಿ ಮೇಡಂ, ಆಕಳ ಬಂದಂಗ ಬರಾಕತ್ತೈತಿ" ಎಂದು ಖಾಜಾ ಭಾಯಿ ಸಂತೋಷಪಟ್ಟರು. ಆ ಸಂತೋಷವನ್ನೂ ನಾನು ಪೂರ್ತಿ ನಂಬಲಿಲ್ಲ. ಬರುವಾಗಲೂ ಎರಡು ಸಲ ಪೆಟ್ಟಿಗೆ ತೆರೆದು ನೋಡಿದೆ. ನಾನಿಟ್ಟದ್ದೇ ಇತ್ತು.

ನಾವು ಗದ್ವಾಲ ತಲುಪುವ ಮೊದಲೇ ಗಿರಾಕಿ ಯಜಮಾನರಿಗೆ ಫೋನ್ ಮಾಡಿ ಎಲ್ಲ ಹೇಳಿದ್ದರು. ಅಂಗಳದಲ್ಲಿ ಇಳಿದ ಕೂಡಲೇ ವೀರಭದ್ರಪ್ಪನವರು, "ಸೋಮವಾರ ಕೀಲಿ ತಂದು ಕೊಡು" ಎಂದರು. ಖಾಜಾ ಭಾಯಿ ಜೀಪಿನ ಬಾಗಿಲು ಹಾಕಿದರು. ನನ್ನ ಕಡೆ ಒಮ್ಮೆ ನೋಡಿದರು. ಸಾಮಾನು ಜಾಗ ಬದಲಾಗಿದ್ದನ್ನು ನಾನು ಕಂಡಿದ್ದೇನೆಂದು ಅವರಿಗೆ ಗೊತ್ತಿತ್ತು. ನಾನು ಬಾಯಿ ಬಿಟ್ಟರೆ ಆ ತಪ್ಪೂ ಅವರ ತಲೆಗೇ ಬರುತ್ತದೆಂದು ನನಗೆ ಗೊತ್ತಿತ್ತು. ಯಾರು ಬದಲಿಸಿದರು ಎಂಬುದು ಖಚಿತವಾಗದೆ ಮಾತಾಡಬಾರದು ಎಂದು ತೀರ್ಮಾನಿಸಿದೆ.

ದಾರಿಯಲ್ಲಿ ಬಿಚ್ಚಿದ ಹಗ್ಗವನ್ನು ನಾನು ಹಾಗೇ ಇಟ್ಟುಕೊಂಡಿದ್ದೆ. ಒಂದು ಗಂಟನ್ನು ಬಿಚ್ಚದೆ ಉಳಿಸಿದ್ದೆ. ಸಾಮಾನು ಕಟ್ಟುವಾಗ ಎರಡು ತುದಿಗಳನ್ನು ನಾನು ನೇಕಾರರ ಗಂಟಿನಿಂದ ಸೇರಿಸುತ್ತೇನೆ. ಮಗ್ಗದ ಮೇಲೆ ಹರಿದ ಎಳೆಗೆ ಹಾಕುವ ಚಪ್ಪಟೆ ಗಂಟು, ನಮ್ಮ ಮನೆಯಲ್ಲಿ ಎಲ್ಲ ಮಕ್ಕಳಿಗೂ ಬರುತ್ತದೆ. ಇದು ಅದಲ್ಲ. ಇದರಲ್ಲಿ ಒಂದು ಉಂಗುರ ಇತ್ತು. ಎಷ್ಟು ಎಳೆದರೂ ಆ ಉಂಗುರ ಬಿಗಿಯಾಗುತ್ತಿರಲಿಲ್ಲ.

"ಖಾಜಾ ಭಾಯಿ, ಈ ಕ್ಯಾನು ಸ್ವಲ್ಪ ಕಟ್ಟಿಕೊಡ್ರಿ" ಎಂದು ಬೇರೆ ಹಗ್ಗ ಕೊಟ್ಟೆ. ಅವರು ಲಾರಿಯ ಮೇಲೆ ಹತ್ತಿಯ ಹೊರೆ ಬಿಗಿಯುವಂತೆ ಕಾಲು ಕೊಟ್ಟು ಜಗ್ಗಿ ಕಟ್ಟಿದರು. ಸಂಪೂರ್ಣ ಬೇರೆ ಗಂಟು. ಕಟ್ಟಿ ಮುಗಿಸಿ, ನಾನು ಯಾಕೆ ಕಟ್ಟಿಸಿದೆ ಎಂದು ನನ್ನ ಮುಖ ನೋಡಿದರು. ನಾನು ಉಳಿಸಿಕೊಂಡಿದ್ದ ಗಂಟನ್ನು ಹಿಡಿದು ಮುಂದೆ ನಡೆದೆ.

ಹಿಂದಿನ ಗೇಟಿನ ಹತ್ತಿರ ಮಾಳಪ್ಪ ಕಾಕಾ ಸಾಕಿದ ಟಗರು ಮೇಯುತ್ತಿತ್ತು. ಅದರ ಕೊರಳಿನ ಹಗ್ಗದಲ್ಲಿ ಅದೇ ಉಂಗುರ, ಅದೇ ಗಂಟು. ಕುರಿ ಎಷ್ಟು ಜಗ್ಗಿದರೂ ಉಸಿರು ಕಟ್ಟದಂತೆ ಕುರಿಗಾರರು ಹಾಕುವುದು. ನಾನು ಅನುಮಾನಿಸದೆ ಬಿಟ್ಟಿದ್ದ ಒಬ್ಬರೇ ಒಬ್ಬರು ಇವರು.

"ಕಾಕಾ, ಟ್ರೇಲರಿನ್ಯಾಗ ಮುಂದಿನ ಸಾಮಾನು ಹಿಂದಕ್ಕ ಯಾರು ಇಟ್ರು?"

"ನಾನ" ಎಂದರು, ಕೈಯಲ್ಲಿದ್ದ ಬಕೆಟ್ಟನ್ನು ಕೆಳಗೂ ಇಡದೆ. "ಯಾಕವ್ವಾ?"

"ಯಾಕ ಇಟ್ರಿ?"

ಅವರು ಅಕ್ಕಪಕ್ಕ ನೋಡಿ ದನಿ ತಗ್ಗಿಸಿದರು. "ನೀ ಎಲ್ಲಾ ಮುಂದಕ್ಕ ತುಂಬ್ತಿ ನೋಡವ್ವಾ. ಕೊಂಡಿ ಹಾಕಿದ ಕೂಡಲೇ ಜೀಪಿನ ಹಿಂಬದಿ ಕುಸೀತೈತಿ. ಹೆಗಲ ಮ್ಯಾಲ ಅಷ್ಟು ಹೇರಿದ್ರ ಯಾ ಎತ್ತು ತಡೀತೈತಿ? ನಾ ಶೇಂಗಾದ ಬಂಡಿ ಹೊಡದು ಗದ್ವಾಲಕ್ಕ ಬಂದಾಂವ. ನೊಗ ಕಟ್ಟೂ ಮೂಕಿ ಒಂದ ಕೈಲೆ ಎತ್ತಾಕ ಬರಬೇಕು, ಅದು ಬಂಡಿ ಹೇರೂದು."

"ನನಗ ಹೇಳಬೇಕಿತ್ತಲ್ಲ ಕಾಕಾ?"

"ಹೆಂಗ ಹೇಳ್ಲಿ? ಕಲಿತ ಹುಡುಗಿ. ಸಾವ್ಕಾರ್ರ ಕಿವಿಗೆ ಬಿದ್ರ ನಿನ್ನ ಮಾನ ಏನಾಗಬೇಕು? ಅದಕ್ಕ ಈಗ ಎರಡು ಸಲ ತೊಳಿಯೂ ಮುಂದ ಸರಿ ಮಾಡಿ ಇಟ್ಟೆ. ಯಾರಿಗೂ ಹೇಳಿಲ್ಲ, ಬೀರಪ್ಪನ ಆಣಿ."

ನನ್ನ ಮಾನ ಕಾಯಲಿಕ್ಕೆಂದು ಅವರು ಗುಟ್ಟಾಗಿ ಮಾಡುತ್ತಿದ್ದುದು ಖಾಜಾ ಭಾಯಿಯ ಅನ್ನಕ್ಕೆ ಕುತ್ತು ತಂದಿತ್ತು. ಹಾಗೆಂದೆ. ಮಾಳಪ್ಪ ಕಾಕಾ ಬಕೆಟ್ ಇಟ್ಟು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡು ನೇರವಾಗಿ ಯಜಮಾನರ ಕೋಣೆಗೆ ನಡೆದರು. ನಾನು ಹಿಂದೆಯೇ ಹೋದೆ.

"ಸಾವ್ಕಾರ್ರ, ಸಾಮಾನು ಹಿಂದ ಸರಿಸಿದಾಂವ ನಾನು. ಖಾಜಾಂದು ಏನೂ ಇಲ್ಲ."

ವೀರಭದ್ರಪ್ಪನವರು ಕಾರಣ ಕೇಳಿದರು, ಮೂಕಿಯ ಮಾತು ಕೇಳಿದರು, ತಲೆದೂಗಿದರು. "ಬರೋಬ್ಬರಿ ಐತಿ. ಬಂಡಿ ಹಂಗ ಹೇರಬೇಕು. ಹೇರಿದ್ದು ಸರಿ ಐತಿ ಅಂದ ಮ್ಯಾಲ ತಪ್ಪು ಯಾರದು? ಓಡಿಸಿದಾಂವಂದು."

ಸತ್ಯ ಹೊರಬಿದ್ದರೆ ಖಾಜಾ ಭಾಯಿ ಉಳಿಯುತ್ತಾರೆ ಎಂದುಕೊಂಡಿದ್ದೆ. ಸತ್ಯ ಹೊರಬಿದ್ದು ಅವರ ಪರಿಸ್ಥಿತಿ ಇನ್ನೂ ಕೆಟ್ಟಿತು. ಎತ್ತಿನ ಬಂಡಿ ನಡಿಗೆಯ ವೇಗದ್ದು, ಇದು ಹೆದ್ದಾರಿಯದು ಎಂದು ಹೇಳಿದೆ. ಹಾಳೆಯ ಮೇಲೆ ಚಿತ್ರ ಬರೆದೆ. ಇಬ್ಬರೂ ಮರ್ಯಾದೆಯಿಂದ ನೋಡಿದರು, ಇಬ್ಬರೂ ನಂಬಲಿಲ್ಲ. ಕೊನೆಗೆ ಹೇಳಿದೆ: "ಸಾರ್, ಕೀಲಿ ತಗೊಳ್ಳೂ ಮುಂಚೆ ಒಂದ ಸಲ ಮುಂದಿನ ಸೀಟಿನ್ಯಾಗ ನೀವ ಕುಂದ್ರಿ. ಮೊದಲು ಕಾಕಾ ತುಂಬಲಿ, ಆಮ್ಯಾಲ ನಾನು."

ಸೋಮವಾರ ಬೆಳಿಗ್ಗೆ ಜುರಾಲದ ಕಡೆಯ ನೇರ ರಸ್ತೆಗೆ ಹೋದೆವು. ಎದುರಿಗೂ ಹಿಂದೆಯೂ ಗಾಡಿಗಳಿಲ್ಲದ ಹೊತ್ತು. ಮಾಳಪ್ಪ ಕಾಕಾ ತಮ್ಮ ಇಚ್ಛೆಯಂತೆ ತುಂಬಿ, ಮೂತಿಯನ್ನು ಒಂದೇ ಕೈಯಿಂದ ಎತ್ತಿ ತೋರಿಸಿದರು. ಯಜಮಾನರು ಮುಂದೆ, ಕಾಕಾ ಮತ್ತು ನಾನು ಹಿಂದೆ. ಖಾಜಾ ಭಾಯಿ ಗಾಡಿ ಬಿಟ್ಟರು. ಸ್ವಲ್ಪ ವೇಗ ಬಂದ ಮೇಲೆ ನಾನು ಹೇಳಿದ್ದಂತೆ ಸ್ಟೇರಿಂಗನ್ನು ಕೂದಲೆಳೆಯಷ್ಟು ಅಲುಗಿಸಿದರು.

ಬಾಲ ಒಮ್ಮೆ ಆಚೆ ಹೋಯಿತು, ಈಚೆ ಬಂತು. ನಿಲ್ಲುತ್ತದೆ ಎನ್ನುವಷ್ಟರಲ್ಲಿ ಮತ್ತೆ ಹೋಯಿತು. ಜೀಪಿನ ಹಿಂಬದಿಯೂ ಅದರ ಜೊತೆ ಹೊರಳತೊಡಗಿತು.

"ಬ್ರೇಕ್ ಹಾಕಲೇ, ಬ್ರೇಕ್ ಹಾಕು!" ಯಜಮಾನರು ಎರಡೂ ಕೈಯಿಂದ ಎದುರಿನ ಹಿಡಿಕೆ ಹಿಡಿದಿದ್ದರು.

"ಹಾಕಂಗಿಲ್ರಿ. ಹಾಕಿದ್ರ ಮಗುಚತೈತಿ. ಸುಮ್ಮನ ಕುಂದರ್ರಿ."

ಖಾಜಾ ಭಾಯಿಯ ಬಾಯಿಂದ ಯಜಮಾನರಿಗೆ ಸುಮ್ಮನೆ ಕೂರಿ ಎಂಬ ಮಾತು ಅದಕ್ಕೂ ಮುಂಚೆ ಬಂದಿರಲಿಲ್ಲ. ಯಜಮಾನರು ಕೂತರು. ಗಾಡಿ ನಿಧಾನವಾಗಿ ಸುಮ್ಮನಾಯಿತು. ಮಾಳಪ್ಪ ಕಾಕಾನ ಮುಷ್ಟಿಯಲ್ಲಿ ನನ್ನ ದುಪಟ್ಟಾದ ತುದಿ ಇತ್ತು. ಅವರಿಗೆ ಅದು ತಿಳಿದಿರಲಿಲ್ಲ.

ಇಳಿದು ನಾನು ಸಾಮಾನನ್ನು ಮುಂದಕ್ಕೆ ತಂದೆ. ಜೀಪಿನ ಹಿಂಬದಿ ತುಸು ಕುಸಿಯಿತು. ಅದೇ ರಸ್ತೆ, ಅದೇ ವೇಗ, ಸ್ಟೇರಿಂಗಿನ ಅದೇ ಅಲುಗಾಟ. ಬಾಲ ಒಮ್ಮೆ ಮಿಸುಕಿ ತೆಪ್ಪಗಾಯಿತು. ಇನ್ನೊಮ್ಮೆ ಮಾಡಿಸಿದೆ. ಮತ್ತೆ ಹಾಗೆಯೇ.

ಯಜಮಾನರು ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಂಡರು. "ನಾ ಮೊದಲಿಂದ ಹೇಳ್ತಿದ್ದೆ," ಎಂದರು, "ಭಾರ ಮುಂದ ಇರಬೇಕಂತ." ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಆಮೇಲೆ ಅವರು ಹೊರಗೆ ನೋಡುತ್ತಲೇ, "ಕೀಲಿ ನಿನ್ನ ಹತ್ರಾನ ಇರ್ಲಿ ಖಾಜಾ" ಎಂದರು.

ಮಾಳಪ್ಪ ಕಾಕಾ ಇಳಿದು ಹೋಗಿ ಕೊಂಡಿಯ ಮೇಲೆ ಅಂಗೈ ಇಟ್ಟು ನಿಂತಿದ್ದರು. "ಇದಕ್ಕ ನೋವಾಗಂಗಿಲ್ಲೇನಲೇ?"

"ಇದಕ್ಕ ಸ್ಪ್ರಿಂಗ್ ಐತಿ ಕಾಕಾ, ಹೆಗಲಿಲ್ಲ" ಎಂದರು ಖಾಜಾ ಭಾಯಿ.

"ಎತ್ತಿಗೂ ಹಂಗ ಅಂತಿದ್ರು, ಚರ್ಮ ದಪ್ಪ ಐತಿ ಅಂತ."

ಹುಡುಗಿಯರೇ, ಕಾಟಾವನ್ನು ಈಗ ಸಂಜೆಗಲ್ಲ, ಬೆಳಿಗ್ಗೆ ತನ್ನಿ. ಹತ್ತಿಯವರಿಗೆ ಹೇಳಿ ಒಪ್ಪಿಸಿದ್ದೇನೆ. ಕಾಕಾ ತೊಳೆದು ಮುಗಿಸಿದ ಮೇಲೆ, ಕೊಂಡಿ ಹಾಕುವ ಮುಂಚೆ ತೂಗಿ. ಅವರು ಇನ್ನು ಕೈ ಹಾಕುವುದಿಲ್ಲ ಎಂದು ಬೀರಪ್ಪನ ಮೇಲೆ ಆಣೆ ಮಾಡಿದ್ದಾರೆ. ಗುಟ್ಟಾಗಿ ಸರಿಸಿದ್ದನ್ನು ಹೇಳುವಾಗಲೂ ಬೀರಪ್ಪನ ಮೇಲೆಯೇ ಆಣೆ ಮಾಡಿದ್ದರು. ಆದ್ದರಿಂದ ತೂಗಿ.

ಆ ವಾರವೇ ಒಂದು ಕುಟುಂಬ ಅಲಂಪುರಕ್ಕೆ ಹೊರಟಿತ್ತು. ನಾನು ತುಂಬಿ, ತೂಗಿ, ಆಯಿತು ಎಂದು ಕೈ ಸನ್ನೆ ಮಾಡಿದೆ. ಖಾಜಾ ಭಾಯಿ ಜೀಪು ಹತ್ತಲಿಲ್ಲ. ಟ್ರೇಲರಿನ ಒಳಗೆ ಹೋಗಿ ಪೆಟ್ಟಿಗೆಗಳನ್ನು ಒಂದೊಂದಾಗಿ ತೆರೆದರು. ಚಿಲಕಗಳನ್ನು ಎಳೆದರು. ಸಿಲಿಂಡರ್ ತಿರುಗಿಸಿದರು. ಮಂಚದ ಕೆಳಗೆ ಬಗ್ಗಿ, ನಾನು ಹಾಕಿದ ಗಂಟುಗಳನ್ನು ಬೆರಳಿನಿಂದ ಒತ್ತಿ ನೋಡಿದರು. ಗಿರಾಕಿಗಳು ಕಾಯುತ್ತಿದ್ದರು.

"ಏನು ನೋಡ್ತೀರಿ ಭಾಯಿ?" ಎಂದೆ.

"ನೀವು ನನ್ನ ಸೀಟಿನ ಕೆಳಗ ನೋಡಿದ್ರಲ್ಲ," ಎಂದರು ತಲೆ ಎತ್ತದೆ, "ಅದನ್ನ."

ನಾನು ಪಕ್ಕಕ್ಕೆ ಸರಿದು ದಾರಿ ಬಿಟ್ಟೆ. ಅವರು ಪೂರ್ತಿ ನೋಡಿ ಮುಗಿಸಿದ ಮೇಲೆಯೇ ಹೊರಟರು.